ಕಾರಿನ ಧೂಳು, ಸನ್ಮಾನದ ಶಾಲು

(ಪರ್ಕಳದ ಸಭೆಯಲ್ಲಿ ಆಡಿದ ಮಾತು. ಬರೆದುಕೊಂಡು ಹೋದದ್ದಕ್ಕಿಂತ ಹೆಚ್ಚೇ ಮಾತಾಡಿದ್ದೆವು. ನೆನಪಿದ್ದಷ್ಟನ್ನು ಇಲ್ಲಿ ಸೇರಿಸಿದ್ದೇವೆ.)

ಬಂಧುಗಳೇ, ಇವತ್ತಿನ ಕೂಲಿ ಬಿಟ್ಟು ಬಂದ ತಾಯಂದಿರೇ, ಗುರಿಕಾರರೇ, ಹಿಂದೆ ಗೋಡೆಗೆ ಒರಗಿ ನಿಂತಿರುವ ಹುಡುಗರೇ,

ನಮ್ಮನ್ನು ಮಾತಾಡಲಿಕ್ಕೆ ಕರೆದದ್ದು ನಾವು ಕವಿತೆ ಬರೀತೇವೆ ಅನ್ನುವ ಒಂದೇ ಕಾರಣಕ್ಕೆ. ಬಿ.ಎ. ಮುಗಿಸಿದ್ದೇವೆ, ಸರಿಯಾದ ಕೆಲಸ ಇನ್ನೂ ಸಿಕ್ಕಿಲ್ಲ, ಹಾಗಾಗಿ ಭಾಷಣಕ್ಕೆ ಸಮಯ ಧಾರಾಳ ಉಂಟು. ಆದರೆ ಈ ವೇದಿಕೆಯಲ್ಲಿ ಕೂತಿರುವ ಐವರ ಎದುರು ಮಾತಾಡುವಾಗ ಗಂಟಲು ಒಣಗ್ತದೆ. ಇವರಲ್ಲಿ ಒಬ್ಬರೂ ಭಾಷಣ ಮಾಡಿದವರಲ್ಲ. ಒಬ್ಬರು ಹಾಸ್ಟೆಲಿನಲ್ಲಿ ಇಪ್ಪತ್ತು ವರ್ಷ ಅನ್ನ ಬೇಯಿಸಿದ ಅಕ್ಕ. ಕೆಲಸ ಮುಗಿಸಿ ರಾತ್ರಿ ತಡವಾಗಿ ಬರುವ ಹುಡುಗರಿಗೆ ಅಂತ ದಿನಾ ಒಂದು ಪಾತ್ರೆ ಅನ್ನ ಮುಚ್ಚಿಟ್ಟವರು, ಅದಕ್ಕಾಗಿ ಮೇಲಿನವರಿಂದ ಬೈಸಿಕೊಂಡವರು. ಒಬ್ಬರು ನಮ್ಮ ಕೇರಿಯ ಗುರಿಕಾರರು. ಸಾಕಿದ ಕೋಳಿ ಮಾರಿ ಹುಡುಗಿಯೊಬ್ಬಳ ಪರೀಕ್ಷೆಯ ಫೀಸು ಕಟ್ಟಿ, ಅವಳ ಅಪ್ಪನಿಗೆ ಹೇಳದೆ ಸುಮ್ಮನೆ ಕೂತವರು. ಒಬ್ಬರು ರಿಟಾಯರ್ಡ್ ಮಾಸ್ಟ್ರು. ಒಬ್ಬರು ರಿಕ್ಷಾ ಓಡಿಸುವ ಅಣ್ಣ. ಮತ್ತೊಬ್ಬರು ಅಂಗನವಾಡಿ ಟೀಚರು. ಹದಿನಾರು ವರ್ಷದ ಹುಡುಗಿಗೆ ಮನೆಯಲ್ಲಿ ಮದುವೆ ಗೊತ್ತು ಮಾಡಿದಾಗ, ಊರೇ ಬಾಯಿ ಮುಚ್ಚಿ ಕೂತಿದ್ದಾಗ, 1098ಕ್ಕೆ ಫೋನು ಮಾಡಿದವರು. ಆಮೇಲೆ ಆರು ತಿಂಗಳು ಆ ಓಣಿಯಲ್ಲಿ ಅವರ ಹತ್ತಿರ ಯಾರೂ ಮಾತಾಡಲಿಲ್ಲ.

ಇವರ ಹೆಸರು ಮೈಕಿನಲ್ಲಿ ಹೇಳಿದ್ದೇವೆ, ಈ ಪುಟದಲ್ಲಿ ಹಾಕುವುದಿಲ್ಲ. ಅವರೇ ಬೇಡ ಅಂದರು. "ಪೇಪರಲ್ಲಿ ಬಂದ್ರೆ ಕೆಲಸದ ಜಾಗದಲ್ಲಿ ಮಾತು ಕೇಳ್ಬೇಕಾಗ್ತದೆ ಮಗಾ" ಅಂದರು ಆ ಅಡುಗೆಯ ಅಕ್ಕ. ಯೋಚನೆ ಮಾಡಿ. ಒಳ್ಳೆಯ ಕೆಲಸ ಮಾಡಿದ್ದು ಗೊತ್ತಾದರೆ ಹೆದರಬೇಕಾದ ದೇಶ ಇದು. ಇದೇ ಊರಲ್ಲಿ ಗಣ್ಯರಿಗೆ ವಾರಕ್ಕೊಂದು ಸನ್ಮಾನ ನಡೀತದೆ. ಪೇಟ, ಶಾಲು, ಹಣ್ಣಿನ ಬುಟ್ಟಿ, ಗಂಧದ ಹಾರ, ಫೋಟೊ. ಅವರಿಗೆ ಹೆಸರು ಬೇಕು. ನಮ್ಮವರಿಗೆ ಹೆಸರು ಬೇಡ. ಈ ವ್ಯತ್ಯಾಸ ಸುಮ್ಮನೆ ಬಂದದ್ದಲ್ಲ.

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ಜಿಲ್ಲೆಯಲ್ಲಿ ನಮ್ಮ ಮಕ್ಕಳ ಕೈಗೆ ಸ್ಲೇಟು ಕೊಟ್ಟವರ ವಿಷಯ ಬಂದಾಗಲೆಲ್ಲ ಒಂದು ಹೆಸರು ಮೊದಲು ಬರ್ತದೆ: ಕುದ್ಮುಲ್ ರಂಗರಾಯರು. 1859ರಲ್ಲಿ ಕಾಸರಗೋಡು ಸೀಮೆಯಲ್ಲಿ ಹುಟ್ಟಿದ ಸಾರಸ್ವತ ಬ್ರಾಹ್ಮಣ. ಮಂಗಳೂರಿಗೆ ಬಂದು ಮಾಸ್ತರರಾದರು, ಆಮೇಲೆ ವಕೀಲರಾದರು, ಬ್ರಾಹ್ಮ ಸಮಾಜ ಸೇರಿದರು. ನಮ್ಮ ಅಜ್ಜಂದಿರ ಅಜ್ಜಂದಿರು ದಾರಿಯಲ್ಲಿ ಎದುರಿಗೆ ಬರಲಿಕ್ಕೂ ಹೆದರುತ್ತಿದ್ದ ಕಾಲದಲ್ಲಿ ಅವರು ನಮ್ಮ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿದರು. ಇದೇ ಹೆಸರಿನ ದೊಡ್ಡ ಸಂಸ್ಥೆಯನ್ನು ನಮ್ಮದೇ ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂಧೆ ಮುಂಬಯಿಯಲ್ಲಿ ಕಟ್ಟಿದ್ದು 1906ರಲ್ಲಿ. ಅಂದರೆ ಈ ಕರಾವಳಿಯ ಮೂಲೆಯಲ್ಲಿ ಅದಕ್ಕಿಂತ ಒಂಬತ್ತು ವರ್ಷ ಮೊದಲೇ ಕೆಲಸ ಶುರುವಾಗಿತ್ತು. ನಮ್ಮ ಪಠ್ಯಪುಸ್ತಕದಲ್ಲಿ ಇದನ್ನು ಯಾರಾದರೂ ಸರಿಯಾಗಿ ಓದಿದ್ದೀರಾ? ನಾವಂತೂ ಬಿ.ಎ. ಇತಿಹಾಸದಲ್ಲಿ ಓದಲಿಲ್ಲ. ಕೇರಿಯ ಹಿರಿಯರ ಬಾಯಲ್ಲಿ ಕೇಳಿದೆವು.

ಶಾಲೆ ತೆರೆದರೆ ಮಕ್ಕಳು ಬರ್ತಾರಾ? ಬರುವುದಿಲ್ಲ. ಮಗು ಶಾಲೆಗೆ ಬಂದರೆ ಅವತ್ತು ದನ ಕಾಯುವವರಿಲ್ಲ, ಬುಟ್ಟಿ ಹೊರುವವರಿಲ್ಲ, ಮನೆಯಲ್ಲಿ ಒಂದು ಹೊತ್ತಿನ ಗಂಜಿಗೆ ತತ್ವಾರ. ರಂಗರಾಯರಿಗೆ ಇದು ಅರ್ಥ ಆಯಿತು. ಅದಕ್ಕೇ ಅವರನ್ನು ನಾವು ಬರೀ ಕರುಣೆಯ ಮನುಷ್ಯ ಎನ್ನುವುದಿಲ್ಲ, ತಲೆ ಇದ್ದ ಮನುಷ್ಯ ಎನ್ನುತ್ತೇವೆ. ಶಾಲೆಯಲ್ಲಿ ಮಧ್ಯಾಹ್ನ ಊಟ ಹಾಕಿದರು. ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು ಎಂದು ಅವರ ಜೀವನ ಬರೆದವರು ಹೇಳ್ತಾರೆ. ಸುಪ್ರೀಂ ಕೋರ್ಟು ಶಾಲೆಯಲ್ಲಿ ಬಿಸಿಯೂಟ ಕೊಡಿ ಎಂದು ಸರ್ಕಾರಗಳಿಗೆ ಆಜ್ಞೆ ಮಾಡಿದ್ದು 2001ರಲ್ಲಿ. ಅಕ್ಷರ ದಾಸೋಹ ನಮ್ಮ ರಾಜ್ಯಕ್ಕೆ ಬಂದದ್ದು ಅದರ ನಂತರ. ನೂರು ವರ್ಷ ಮೊದಲು ಮಂಗಳೂರಿನ ಶೇಡಿಗುಡ್ಡೆಯಲ್ಲಿ ಒಬ್ಬ ವಕೀಲನಿಗೆ ಹೊಳೆದದ್ದು ದಿಲ್ಲಿಯವರಿಗೆ ಹೊಳೆಯಲಿಕ್ಕೆ ಇಷ್ಟು ಕಾಲ ಬೇಕಾಯಿತು. ಓದಿನ ಜತೆ ನೇಯ್ಗೆ, ಮರಗೆಲಸ ಕಲಿಸಿದರು. ಮನೆ ಕಟ್ಟಲಿಕ್ಕೆ ಜಾಗ ಮಾಡಿಸಿಕೊಟ್ಟರು. ಮಂಗಳೂರಿನ ಹೊರಗೆ ಉಡುಪಿ ಕಡೆಗೂ ಶಾಲೆ ಬಂತು.

ಅದಕ್ಕೆ ಅವರು ಕೊಟ್ಟ ಬೆಲೆ? ಜಾತಿಯವರು ಹೊರಗಿಟ್ಟರು. ಸ್ವಂತ ಜಾತಿಯ ಬಾಗಿಲು ಮುಚ್ಚಿಸಿಕೊಂಡು ನಮ್ಮ ಬಾಗಿಲಿಗೆ ಬಂದರು. ಸಹಾಯ ಮಾಡುವವರು ಬೇಕಾದಷ್ಟು ಜನ ಸಿಗ್ತಾರೆ ಬಂಧುಗಳೇ. ಹಳೆಯ ಅಂಗಿ ಕೊಡ್ತಾರೆ, ನೋಟ್ ಪುಸ್ತಕ ಹಂಚ್ತಾರೆ, ಫೋಟೊ ತೆಗೆಸ್ತಾರೆ, ಸಂಜೆಗೆ ತಮ್ಮ ಜಾತಿಯ ಸಂಘದ ಸಭೆಗೆ ಹೋಗಿ ಮುಂದಿನ ಕುರ್ಚಿಯಲ್ಲಿ ಕೂರ್ತಾರೆ. ಅವರು ಏನನ್ನೂ ಕಳೆದುಕೊಂಡಿಲ್ಲ. ರಂಗರಾಯರು ಕಳೆದುಕೊಂಡರು. 1928ರ ಜನವರಿ 30ರಂದು ತೀರಿಕೊಂಡಾಗ ತಮ್ಮ ಅಂತ್ಯಕ್ರಿಯೆಯನ್ನು ತೋಟಿಗಳೇ ಮಾಡಬೇಕು ಎಂದು ಮೊದಲೇ ಹೇಳಿಟ್ಟಿದ್ದರು. ಬದುಕಿದ್ದಾಗ ದಲಿತರ ಪರ ಮಾತಾಡುವವರು ಬಹಳ ಜನ. ಸತ್ತ ಮೇಲೆ ತನ್ನ ಹೆಣ ಯಾರು ಮುಟ್ಟಬೇಕು ಎಂದು ತೀರ್ಮಾನ ಮಾಡುವವರು ಎಷ್ಟು ಜನ? ಅಲ್ಲಿ ಗೊತ್ತಾಗ್ತದೆ ಮನುಷ್ಯನ ಒಳಗು.

ಮಂಗಳೂರಿನ ನಂದಿಗುಡ್ಡೆಯಲ್ಲಿ ಅವರ ಸಮಾಧಿ ಉಂಟು. ನಾವು ನಾಲ್ಕು ಜನ ಹೋಗಿ ನೋಡಿ ಬಂದೆವು. ಅವರ ಒಂದು ಆಸೆಯ ಮಾತು ಅಲ್ಲಿ ಕೆತ್ತಿದ್ದಾರೆ. ನಮ್ಮಲ್ಲಿ ಬಹಳ ಜನಕ್ಕೆ ಅದು ಬಾಯಿಪಾಠ. ತನ್ನ ಶಾಲೆಯಲ್ಲಿ ಓದಿದ ದಲಿತ ಮಗು ದೊಡ್ಡ ಸರ್ಕಾರಿ ಕೆಲಸಕ್ಕೆ ಸೇರಬೇಕು, ಈ ದಾರಿಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಚಕ್ರದ ಧೂಳು ತನ್ನ ತಲೆಗೆ ತಾಗಬೇಕು, ಆಗ ತನ್ನ ಜನ್ಮ ಸಾರ್ಥಕ ಎಂಬ ಅರ್ಥದ ಮಾತು. ಬ್ರಾಹ್ಮಣನ ತಲೆಯ ಮೇಲೆ ಹೊಲೆಯನ ಕಾರಿನ ಧೂಳು! ಮನುಸ್ಮೃತಿಯನ್ನು ಅಂಬೇಡ್ಕರ್ ಮಹಾಡಿನಲ್ಲಿ ಸುಟ್ಟದ್ದು 1927ರ ಡಿಸೆಂಬರಿನಲ್ಲಿ. ಅದಾಗಿ ಒಂದು ತಿಂಗಳಿಗೆ ತೀರಿಕೊಂಡ ಈ ಮನುಷ್ಯ ತನ್ನ ಮಟ್ಟಿಗೆ ಅದೇ ಪುಸ್ತಕವನ್ನು ತಲೆಕೆಳಗು ಮಾಡಿ ಮಲಗಿದ.

ಆ ಕಲ್ಲಿನ ಎದುರು ನಿಂತಾಗ ನಮಗೆ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಒಂದು ಪ್ರಶ್ನೆಯೂ ಬಂತು. ಅದನ್ನು ಕೇಳಲಿಕ್ಕೇ ಇವತ್ತು ಇಲ್ಲಿ ನಿಂತಿದ್ದೇವೆ. ಸಿಟ್ಟು ಮಾಡ್ಬೇಡಿ.

ಕಾರು ಬಂತಲ್ಲ ಬಂಧುಗಳೇ. ಬರಲಿಲ್ಲ ಅಂತಿಲ್ಲ. ನಮ್ಮವರಲ್ಲಿ ತಹಶೀಲ್ದಾರರಾದರು, ಎಂಜಿನಿಯರುಗಳಾದರು, ಡಾಕ್ಟರು, ಪ್ರೊಫೆಸರು, ಬ್ಯಾಂಕ್ ಮ್ಯಾನೇಜರು ಆದರು. ಕಾರು ಬಂತು, ಧೂಳೂ ಎದ್ದಿತು. ಆ ಕಾರು ಎಲ್ಲಿ ನಿಂತಿತು? ಕೇರಿಯ ತಿರುವಿನಲ್ಲಿ ನಿಂತಿತಾ? ಗಾಜು ಇಳಿಸಿ "ಎಂತ ಓದ್ತಾ ಇದ್ದೀ ಮಗಾ" ಅಂತ ಕೇಳಿತಾ? ಬಹಳಷ್ಟು ಕಾರು ನಿಲ್ಲಲಿಲ್ಲ. ಧೂಳು ರಂಗರಾಯರ ಸಮಾಧಿಗೂ ಬಿತ್ತು, ದಾರಿ ಬದಿಯಲ್ಲಿ ನಿಂತ ನಮ್ಮ ಮಕ್ಕಳ ಕಣ್ಣಿಗೂ ಬಿತ್ತು.

ಅವರನ್ನು ಬೈಯುವುದು ಸುಲಭ. ಬೈಯುವ ಮೊದಲು ಅವರ ಕಷ್ಟವನ್ನೂ ಹೇಳಬೇಕು. ಬಾಡಿಗೆ ಮನೆ ಸಿಗಬೇಕಾದರೆ ಜಾತಿ ಮುಚ್ಚಿಡಬೇಕು. "ನೀವು ಯಾವ ಕಡೆಯವರು, ಮೀನು ತಿಂತೀರಾ" ಅಂತ ಕೇಳುವ ಓನರು ಕೇಳುವುದು ಮೀನಿನ ವಿಷಯ ಅಲ್ಲ. ಅಂಬೇಡ್ಕರ್ ಅವರಿಗೆ ಬರೋಡದ ಮಹಾರಾಜರು 1913ರಲ್ಲಿ ವಿದ್ಯಾರ್ಥಿವೇತನ ಕೊಟ್ಟು ಅಮೆರಿಕಕ್ಕೆ ಕಳಿಸಿದರು. ಆ ಋಣಕ್ಕೆ 1917ರಲ್ಲಿ ಬರೋಡದಲ್ಲಿ ಕೆಲಸಕ್ಕೆ ಸೇರಿದರೆ ಮಲಗಲಿಕ್ಕೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಹೆಸರು ಮುಚ್ಚಿಟ್ಟು ಇದ್ದರು. ಗೊತ್ತಾದ ಮೇಲೆ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ರಾಜ ಕೊಟ್ಟ ಹಣ ಸಮುದ್ರ ದಾಟಿಸಿತು, ಊರಿನ ಒಂದು ಹೊಸ್ತಿಲು ದಾಟಿಸಲಿಲ್ಲ. ಆದರೂ ಆ ಮನುಷ್ಯ ಕೇರಿಗೆ ಬೆನ್ನು ಹಾಕಲಿಲ್ಲ. 1928ರಲ್ಲಿ ದಲಿತ ವರ್ಗಗಳ ಶಿಕ್ಷಣಕ್ಕೆ ಸಂಸ್ಥೆ ಕಟ್ಟಿ ಹಾಸ್ಟೆಲು ನಡೆಸಿದರು. ಅದರಲ್ಲಿ ಒಂದು ನಮ್ಮ ಧಾರವಾಡದಲ್ಲಿ ಇತ್ತು. ಆಮೇಲೆ ವೈಸ್‌ರಾಯರ ಮಂಡಳಿಯಲ್ಲಿ ಸದಸ್ಯರಾಗಿ ಕೂತಾಗ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಸರ್ಕಾರದಿಂದಲೇ ಹಣ ಬರುವಂತೆ ಜಗಳ ಆಡಿದರು. ಇವತ್ತು ನೀವು ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಅಂತ ಅರ್ಜಿ ಹಾಕ್ತೀರಲ್ಲ, ಅದು 1944ರಲ್ಲಿ ಶುರುವಾದದ್ದು. ಅಂಬೇಡ್ಕರರ ಕಾರು ನಿಂತಿತು.

ನಿಲ್ಲುವ ವಿಷಯ ಬಂದದ್ದಕ್ಕೆ ಕೊಲ್ಹಾಪುರದ ಒಂದು ಸಂಗತಿ ಹೇಳ್ಬೇಕು. ಶಾಹು ಮಹಾರಾಜರ ಲಾಯದಲ್ಲಿ ಗಂಗಾರಾಮ ಕಾಂಬಳೆ ಎಂಬ ನಮ್ಮವ ಕೆಲಸಕ್ಕಿದ್ದ. ನೀರು ಮುಟ್ಟಿದ ಎಂಬ ತಪ್ಪಿಗೆ ಮೇಲ್ಜಾತಿಯವರು ಅವನನ್ನು ಹೊಡೆದರು. ಮಹಾರಾಜರು ಏನು ಮಾಡಿದರು? ಶಾಲು ಹೊದೆಸಲಿಲ್ಲ. ಚಹಾದ ಅಂಗಡಿ ಹಾಕಲಿಕ್ಕೆ ಹಣ ಕೊಟ್ಟರು. ಅಸ್ಪೃಶ್ಯನ ಕೈಯ ಚಹಾ ಯಾರು ಕುಡೀತಾರೆ? ಮಹಾರಾಜರು ಆ ಅಂಗಡಿಯ ಎದುರು ತಮ್ಮ ಗಾಡಿ ನಿಲ್ಲಿಸಿ ತಾವೂ ಕುಡಿದರು, ಜತೆಯಲ್ಲಿ ಬಂದ ದೊಡ್ಡ ಜಾತಿಯವರಿಗೂ ಕುಡಿಸಿದರು! ಗಾಡಿ ನಿಂತಿತು, ಚಹಾ ಕುಡಿದಾಯಿತು, ಹಣ ಕೊಟ್ಟಾಯಿತು. ನಮ್ಮ ಲೆಕ್ಕದಲ್ಲಿ ಸನ್ಮಾನ ಅಂದರೆ ಇದು. ಉಡುಪಿ ಹೋಟೆಲು ಅಂತ ದೇಶಕ್ಕೆಲ್ಲ ಹೆಸರು ಹಂಚಿದ ಊರಿನವರು ನಾವು. ನಮ್ಮ ಅಜ್ಜಂದಿರು ಹೋಟೆಲಿನ ಹಿಂಬದಿಯಲ್ಲಿ ಗೆರಟೆಯಲ್ಲಿ ಚಹಾ ಕುಡಿದ ಕತೆ ಹೇಳ್ತಿದ್ದರು. ಈ ಎರಡು ಚಹಾವನ್ನು ಪಕ್ಕಪಕ್ಕ ಇಟ್ಟು ನೋಡಿ.

ಇನ್ನೊಂದು ಮಾತು. ಮಂಗಳೂರಿನ ಪುರಭವನಕ್ಕೆ ರಂಗರಾಯರ ಹೆಸರು ಇಟ್ಟಿದ್ದಾರೆ. ಸಂತೋಷ. 1934ರ ಫೆಬ್ರವರಿಯಲ್ಲಿ ಗಾಂಧಿ ಈ ಕಡೆ ಬಂದಾಗ ಮಂಗಳೂರಿನಲ್ಲಿ ರಂಗರಾಯರ ಸಂಸ್ಥೆಯನ್ನು ನೋಡಿದರು, ಉಡುಪಿಯ ಅಜ್ಜರಕಾಡಿನಲ್ಲಿ ಮಾತಾಡಿದರು. ರಂಗರಾಯರ ಮಗಳು ರಾಧಾಬಾಯಿ ಸುಬ್ಬರಾಯನ್ 1938ರಲ್ಲಿ ದಿಲ್ಲಿಯ ಕೌನ್ಸಿಲ್ ಆಫ್ ಸ್ಟೇಟ್‌ಗೆ ಚುನಾಯಿತರಾದ ಮೊದಲ ಹೆಂಗಸು. ಮೊಮ್ಮಕ್ಕಳಲ್ಲಿ ಒಬ್ಬರು ಭಾರತದ ಸೇನಾ ಮುಖ್ಯಸ್ಥರು, ಒಬ್ಬರು ಕೇಂದ್ರ ಮಂತ್ರಿ, ಒಬ್ಬರು ಕಮ್ಯುನಿಸ್ಟ್ ಸಂಸದೆ. ದೊಡ್ಡ ಮನೆತನ, ದೊಡ್ಡ ಕೆಲಸ. ನಾವು ಕೇಳುವುದು ಇಷ್ಟೇ. ಅದೇ ಶಾಲೆಯಲ್ಲಿ ಎರಡು ಪೈಸೆ ತೆಗೆದುಕೊಂಡು ನೆಲದಲ್ಲಿ ಕೂತ ಮಕ್ಕಳ ಮೊಮ್ಮಕ್ಕಳು ಎಲ್ಲಿದ್ದಾರೆ? ಅವರ ಹೆಸರು ಯಾವ ಭವನಕ್ಕೆ ಉಂಟು? ಇದು ಹೊಟ್ಟೆಕಿಚ್ಚಲ್ಲ, ಲೆಕ್ಕ. ರಂಗರಾಯರ ಕಾಲದಲ್ಲಿ ಅಂಗಾರ ಮಾಸ್ತರರು ಜಿಲ್ಲಾ ಬೋರ್ಡಿಗೆ, ಗೋವಿಂದ ಮಾಸ್ತರರು ಮಂಗಳೂರು ಪುರಸಭೆಗೆ ಸದಸ್ಯರಾದರು ಎಂದು ಬರೆದಿದ್ದಾರೆ. ಇಬ್ಬರೂ ನಮ್ಮವರು. ಆ ಕಾಲದಲ್ಲಿ ಸಭೆಗೆ ಹೋಗಿ ಕೂತಾಗ ಪಕ್ಕದ ಕುರ್ಚಿಯವ ಎದ್ದು ಹೋದನಾ? ಕುಡಿಯಲಿಕ್ಕೆ ನೀರು ಕೊಟ್ಟರಾ? ಮನೆಗೆ ಬಂದು ಹೆಂಡತಿಗೆ ಏನು ಹೇಳಿದರು? ನಮ್ಮ ಕವಿತೆಗೆ ಇದಕ್ಕಿಂತ ದೊಡ್ಡ ವಸ್ತು ಉಂಟಾ? ಆದರೆ ನಾವು ಚಂದ್ರನ ಮೇಲೆ ಬರೀತಾ ಕೂತೆವು. ಅವರ ಹೆಸರನ್ನು ಇವತ್ತು ಈ ಪುಟದಲ್ಲಾದರೂ ಹಾಕ್ತೇವೆ: ಅಂಗಾರ ಮಾಸ್ತರ್, ಗೋವಿಂದ ಮಾಸ್ತರ್.

ದಾನ ಕೊಟ್ಟವರ ಚರಿತ್ರೆ ಬರೆಯಲಿಕ್ಕೆ ಜನ ಇದ್ದಾರೆ. ಪಡೆದುಕೊಂಡು ಎದ್ದು ನಿಂತವರ ಚರಿತ್ರೆಯನ್ನು ನಾವೇ ಬರೀಬೇಕು. ಇಲ್ಲದಿದ್ದರೆ ನಾವು ಯಾವಾಗಲೂ ಕೈ ಮುಗಿಯುವವರಾಗಿಯೇ ಫೋಟೊದಲ್ಲಿ ಇರ್ತೇವೆ. 1970ರ ದಶಕದಲ್ಲಿ ಭದ್ರಾವತಿಯ ಕಾಲೇಜು ಮೇಷ್ಟ್ರು ಬಿ. ಕೃಷ್ಣಪ್ಪನವರು, ಅವರ ಜತೆಯವರು ದಲಿತ ಸಂಘರ್ಷ ಸಮಿತಿ ಕಟ್ಟಿದಾಗ ಮೊದಲು ಬಿಡಿಸಿದ್ದು ಆ ಮುಗಿದ ಕೈಯನ್ನೇ.

ಕೊರಗ ಬಂಧುಗಳ ವಿಷಯ ಹೇಳದೆ ಈ ಸಭೆ ಮುಗಿಯಕೂಡದು. ನಮ್ಮಲ್ಲೇ ಮೇಲು ಕೀಳು ಉಂಟಲ್ಲ, ನಮ್ಮಿಂದಲೂ ತುಳಿಸಿಕೊಂಡವರು ಅವರು. ಕರ್ನಾಟಕದಲ್ಲಿ ಅತಿ ದುರ್ಬಲ ಬುಡಕಟ್ಟು ಎಂದು ಸರ್ಕಾರ ಗುರುತಿಸಿದ್ದು ಎರಡೇ: ಜೇನುಕುರುಬರು ಮತ್ತು ಕೊರಗರು. ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸಿ ತಮ್ಮ ಮಗುವಿನ ದೋಷ ಕಳೆದುಕೊಳ್ಳುವ ಜನ ಈ ಜಿಲ್ಲೆಯಲ್ಲೇ ಇದ್ದರು. ಅಜಲು ಎಂದು ಅದಕ್ಕೊಂದು ಹೆಸರು ಬೇರೆ! ಅದನ್ನು ನಿಷೇಧ ಮಾಡುವ ಕಾನೂನು ಬಂದದ್ದು 2000ದಲ್ಲಿ. 1947ರಲ್ಲಿ ಅಲ್ಲ, 1950ರಲ್ಲಿ ಅಲ್ಲ, 2000ದಲ್ಲಿ. ಆ ಕಾನೂನು ಮೇಲಿನಿಂದ ಉದುರಲಿಲ್ಲ. ಕೊರಗರೇ ಸಂಘಟನೆ ಕಟ್ಟಿಕೊಂಡರು. 1993ರ ಆಗಸ್ಟ್ 18ರಂದು ಭೂಮಿ ಕೇಳಿಕೊಂಡು ಮಂಗಳೂರಿನಲ್ಲಿ ಬೀದಿಗೆ ಇಳಿದರು. ಈಗಲೂ ಆ ದಿನವನ್ನು ಭೂಮಿ ಹಬ್ಬ ಅಂತ ಆಚರಿಸ್ತಾರೆ. ಮಹಮ್ಮದ್ ಪೀರ್ ವರದಿ ಕುಟುಂಬಕ್ಕೆ ಎರಡೂವರೆ ಎಕರೆ ಕೊಡಿ ಎಂದಿತು. ಇನ್ನೂ ಎಷ್ಟೋ ಕುಟುಂಬಕ್ಕೆ ಅದು ಕಾಗದದಲ್ಲೇ ಉಂಟು. ಡೋಲು ಬಡಿಯಲಿಕ್ಕೆ ಕರೆಯುವ ಊರು ಆ ಡೋಲಿನವನ ಮಗಳು ಎಂ.ಎ. ಮಾಡಿದರೆ ಯಾಕೆ ಕರೆಯುವುದಿಲ್ಲ? ಅವರಲ್ಲಿ ಈಗ ಎಂ.ಎ. ಮಾಡಿದವರು, ಕಾಲೇಜಿನಲ್ಲಿ ಪಾಠ ಮಾಡುವವರು ಇದ್ದಾರೆ. ಅವರ ಬೆನ್ನಿಗೆ ನಿಂತದ್ದು ಯಾವ ಶ್ರೀಮಂತನೂ ಅಲ್ಲ. ಬುಟ್ಟಿ ಹೆಣೆಯುವ ಅಮ್ಮ.

ಈಗ ನಮ್ಮ ತಪ್ಪಿನ ವಿಷಯ. ಇದನ್ನು ಹೇಳಬಾರದು ಅಂತ ಒಬ್ಬ ಗೆಳೆಯ ಹೇಳಿದ. ಹೇಳಲೇಬೇಕು ಅಂತ ನಾವು ತೀರ್ಮಾನ ಮಾಡಿದೆವು.

ನಮ್ಮ ಕಾಲನಿಯ ಒಬ್ಬ ಹುಡುಗ, ನಮಗಿಂತ ನಾಲ್ಕು ವರ್ಷ ಸಣ್ಣವ. ಡಿಗ್ರಿ ಎರಡನೇ ವರ್ಷದಲ್ಲಿದ್ದ. ಲೆಕ್ಕದಲ್ಲಿ ಜಾಣ, ನಾವು ಬರೆದ ಕವಿತೆ ಕೇಳಿ ನಗುತ್ತಿದ್ದ. ಸ್ಕಾಲರ್‌ಶಿಪ್ ಬರಲಿಲ್ಲ. ಯಾಕೆ ಬರಲಿಲ್ಲ? ಆಧಾರಿನಲ್ಲಿ ಅಪ್ಪನ ಹೆಸರು ಒಂದು ರೀತಿ, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ರೀತಿ. ಪೋರ್ಟಲು ಒಪ್ಪಲಿಲ್ಲ. ಮುಂಚೆ ಜಾತಿ ನೋಡಿ ಹೊರಗಿಡ್ತಿದ್ದರು, ಈಗ ಇನಿಷಿಯಲ್ ನೋಡಿ ಹೊರಗಿಡ್ತಾರೆ. ಸೈಬರ್ ಅಂಗಡಿಗೆ ಮೂರು ಸಲ ಹೋದ, ಒಂದೊಂದು ಸಲವೂ ಐವತ್ತು ರೂಪಾಯಿ. ಆಫೀಸಿನಲ್ಲಿ ಮೊದಲು ಪರೀಕ್ಷೆಯ ಫೀಸು ಕಟ್ಟು, ಸ್ಕಾಲರ್‌ಶಿಪ್ ಬಂದಾಗ ಬರ್ತದೆ ಅಂದರು. ಸಾಲಿನಲ್ಲಿ ಹಿಂದೆ ನಿಂತವರು ಯಾರೋ ಕೋಟಾದವರಿಗೂ ಫೀಸು ಉಂಟಾ ಅಂತ ನಕ್ಕರು. ಅವ ಸಾಲು ಬಿಟ್ಟು ಬಂದ. ಮಲ್ಪೆಗೆ ಹೋಗಿ ಬೋಟಿಗೆ ಸೇರಿದ.

ಅವನಿಗೆ ಕಮ್ಮಿ ಬಿದ್ದದ್ದು ಸಾವಿರದ ನಾನೂರು ರೂಪಾಯಿ. ಆ ವಾರ ನಾವು ಎಲ್ಲಿದ್ದೆವು? ಕವಿಗೋಷ್ಠಿಯಲ್ಲಿದ್ದೆವು. ಶೋಷಿತರ ಬಗ್ಗೆ ಕವಿತೆ ಓದಿ ಚಪ್ಪಾಳೆ ಹೊಡೆಸಿಕೊಂಡೆವು. ನಮಗೆ ಅಲ್ಲಿ ಒಂದು ಶಾಲು ಹೊದೆಸಿದರು. ಈಗಲೂ ಅದು ಮನೆಯ ಟ್ರಂಕಿನಲ್ಲಿ ಉಂಟು. ಅಮ್ಮ ಅದನ್ನು ತೆಗೆದು ಮಡಚಿ ಇಡುವಾಗಲೆಲ್ಲ ನಮಗೆ ಆ ಹುಡುಗನ ನೆನಪಾಗ್ತದೆ. ಅವ ಸಿಕ್ಕಿದಾಗ ಮಾತಾಡ್ತಾನೆ, ಸಿಟ್ಟಿಲ್ಲ. "ಬೋಟಲ್ಲಿ ಸಂಬಳ ಒಳ್ಳೆದುಂಟು ಅಣ್ಣಾ" ಅಂತಾನೆ. ಸಿಟ್ಟು ಮಾಡಿದ್ದರೆ ನಮಗೆ ಸ್ವಲ್ಪ ಹಗುರ ಆಗ್ತಿತ್ತು.

ಹೈದರಾಬಾದಿನಲ್ಲಿ ರೋಹಿತ್ ವೇಮುಲ 2016ರ ಜನವರಿಯಲ್ಲಿ ಜೀವ ಬಿಟ್ಟಾಗ ನಾವು ಶಾಲೆ ಹುಡುಗರು. ಅವನಿಗೂ ತಿಂಗಳುಗಟ್ಟಲೆ ಫೆಲೋಶಿಪ್ ಬಂದಿರಲಿಲ್ಲ, ಹಾಸ್ಟೆಲಿನಿಂದ ಹೊರಗೆ ಹಾಕಿದ್ದರು. ಮುಂದೆ ದೊಡ್ಡವರಾದ ಮೇಲೆ ಅವನ ಫೋಟೊ ಹಿಡಿದು ಮೆರವಣಿಗೆಯಲ್ಲಿ ಘೋಷಣೆ ಕೂಗಿದೆವು. ಕೂಗಬೇಕಾದ್ದೇ. ಆದರೆ ದೂರದ ರೋಹಿತನಿಗೆ ಕೂಗಿದ ಗಂಟಲು ಪಕ್ಕದ ಮನೆಯ ಹುಡುಗನನ್ನು ಫೀಸು ಕಟ್ಟಿದೆಯಾ ಅಂತ ಕೇಳಲಿಲ್ಲ. ಈ ಐವರಲ್ಲಿ ಯಾರಾದರೂ ಅವನ ಪಕ್ಕದ ಮನೆಯಲ್ಲಿದ್ದರೆ ಅವ ಇವತ್ತು ಡಿಗ್ರಿ ಮುಗಿಸಿರುತ್ತಿದ್ದ. ಇದರಲ್ಲಿ ನಮಗೆ ಸಂಶಯ ಇಲ್ಲ. ಇವರಿಗೆ ದೊಡ್ಡ ಸಿದ್ಧಾಂತ ಗೊತ್ತಿಲ್ಲ. ಮಗುವಿನ ಮುಖ ಸಪ್ಪೆ ಆದದ್ದು ಗೊತ್ತಾಗ್ತದೆ. ಮಾಸ್ಟ್ರು ಹೇಳಿದ ಮಾತೊಂದು: ಹಾಜರಿ ಕರೆಯುವಾಗ ಬಾರದ ಹುಡುಗನ ಹೆಸರನ್ನು ಅವರು ಎರಡು ಸಲ ಕರೀತಿದ್ದರಂತೆ. ಸಂಜೆ ಆ ಮನೆಗೆ ಸೈಕಲು ಹೊಡೀತಿದ್ದರಂತೆ. ಅಷ್ಟೇ. ಅವರು ಮೇಲ್ಜಾತಿಯವರು. ಅವರ ಓಣಿಯಲ್ಲಿ ಅವರಿಗೆ ಅಡ್ಡ ಹೆಸರೊಂದು ಇತ್ತು, ಆ ಹೆಸರು ನಮ್ಮ ಜಾತಿಯ ಹೆಸರೇ. ಅದನ್ನು ನಗ್ತಾ ಹೇಳಿದರು.

ಇಲ್ಲಿಂದ ಮಣಿಪಾಲದ ಗುಡ್ಡ ಎಷ್ಟು ದೂರ? ಬಸ್ಸು ಹತ್ತಿದರೆ ಕೂರುವ ಮೊದಲೇ ಇಳಿಯುವ ಜಾಗ ಬರ್ತದೆ. 1953ರಲ್ಲಿ ಅಲ್ಲಿ ವೈದ್ಯಕೀಯ ಕಾಲೇಜು ಬಂದಂದಿನಿಂದ ದೇಶ ವಿದೇಶದ ಮಕ್ಕಳು ಓದಲಿಕ್ಕೆ ಬರ್ತಾರೆ. ಬರಲಿ, ಓದಲಿ, ಅವರ ಮೇಲೆ ನಮಗೆ ಕೋಪ ಇಲ್ಲ. ಆದರೆ ಬೆಳಗಿನ ಮೊದಲ ಬಸ್ಸಿನಲ್ಲಿ ಹೋಗಿ ನೋಡಿ. ಕಸಬರಿಕೆ, ಬಕೀಟು, ಅಡುಗೆ ಮನೆ, ಕಟ್ಟಡದ ಕೆಲಸಕ್ಕೆ ಹೋಗುವ ನಮ್ಮ ಅಕ್ಕಂದಿರು, ಅಣ್ಣಂದಿರು. ಗುಡ್ಡದ ಮೇಲೆ ವಿದ್ಯೆಯ ದೀಪ ಉರೀತದೆ, ಆ ಗಾಜು ಒರೆಸುವವಳ ಮಗ ಬುಡದಲ್ಲಿ ಫೀಸಿಗೆ ಸಾಲದೆ ಶಾಲೆ ಬಿಡ್ತಾನೆ. ಅವಳು ಆ ಮಗನನ್ನು ಓದಿಸಿದರೆ, ಅವಳಿಗೆ ಯಾವ ಸಭೆಯಲ್ಲಿ ಸನ್ಮಾನ?

ಶಾಲಿನ ವಿಷಯಕ್ಕೆ ಬರುತ್ತೇವೆ. ಈ ಕಡೆ ಮಗ್ಗ ಇದ್ದ ಊರುಗಳು, ಉಡುಪಿ ಸೀರೆ ನೇಯ್ದ ಕೈಗಳು ಇಲ್ಲೇ ಇದ್ದವು. ಈಗ ಸಭೆಗೆ ತರುವ ಶಾಲು ಎಲ್ಲಿಂದಲೋ ಕಟ್ಟು ಕಟ್ಟಾಗಿ ಬರುವ ಮಿಷನ್ನಿನದು. ಹೊದೆಸಿದವರಿಗೂ ಗೊತ್ತು, ಹೊದೆದವರಿಗೂ ಗೊತ್ತು, ನಾಳೆ ಅದು ಇನ್ನೊಬ್ಬರ ಹೆಗಲಿಗೆ ಹೋಗ್ತದೆ. ಈ ಐವರ ಹತ್ತಿರ ನಾವು ಮೊದಲೇ ಕೇಳಿದೆವು. ಶಾಲು, ಹಣ್ಣು, ಫಲಕ, ಪೇಟ ಎಲ್ಲ ಸೇರಿ ಒಬ್ಬರಿಗೆ ಎಂಟು ನೂರು ರೂಪಾಯಿ ಆಗ್ತದೆ, ಐವರಿಗೆ ನಾಲ್ಕು ಸಾವಿರ, ಎಂತ ಮಾಡುವ ಅಂತ. ಗುರಿಕಾರರು ಮಾತಾಡಲೇ ಇಲ್ಲ, ಎಲೆಯಡಿಕೆ ಬಾಯಲ್ಲಿತ್ತು. ರಿಕ್ಷಾ ಅಣ್ಣ ಹೇಳಿದರು: "ನನಗೆ ಶಾಲು ಹಾಕಿ ಸ್ಟ್ಯಾಂಡಿಗೆ ಹೋದ್ರೆ ನಗಾಡ್ತಾರೆ ಮಾರಾಯ್ರೆ. ಆ ಮಕ್ಕಳಿಗೆ ಕೊಡಿ." ಅಡುಗೆಯ ಅಕ್ಕ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, ನನಗೆ ಒಂದು ಶಾಲು ಬೇಕು ಅಂದರು. ಜನ್ಮದಲ್ಲಿ ಯಾರೂ ಹೊದೆಸಿಲ್ಲ ಅಂದರು. ನಮಗೆ ಆಗ ನಾಚಿಕೆ ಆಯ್ತು. ಶಾಲು ಬೇಡ ಅಂತ ಹೇಳುವುದು ಶಾಲು ಸಿಕ್ಕಿದವರಿಗೆ ಸುಲಭ. ಅವರಿಗೆ ಶಾಲು ತಂದಿದ್ದೇವೆ. ಮಗ್ಗದ್ದೇ ಹುಡುಕಿ ತಂದಿದ್ದೇವೆ, ಸ್ವಲ್ಪ ಹೆಚ್ಚು ಹಣ ಆಯ್ತು, ಆಗಲಿ.

ಉಳಿದ ಮೂರು ಸಾವಿರದ ಇನ್ನೂರಕ್ಕೆ ನಾವು ನಮ್ಮ ಕಡೆಯಿಂದ ಸೇರಿಸಿದ್ದೇವೆ. ಒಂದು ನೋಟ್ ಪುಸ್ತಕ ಇಟ್ಟಿದ್ದೇವೆ. ಈ ಸಲ ಡಿಗ್ರಿ, ಪಿಯುಸಿಯಲ್ಲಿ ಇರುವ ನಮ್ಮ ಕೇರಿಗಳ ಮಕ್ಕಳ ಹೆಸರು ಅದರಲ್ಲಿ ಬರೆಯಬೇಕು. ಯಾರ ಆಧಾರಿನಲ್ಲಿ ಹೆಸರು ಹೆಚ್ಚು ಕಮ್ಮಿ ಉಂಟು, ಯಾರ ಜಾತಿ ಸರ್ಟಿಫಿಕೇಟು ಆಗಿಲ್ಲ, ಯಾರಿಗೆ ಹಾಸ್ಟೆಲಿನಲ್ಲಿ ಸೀಟು ಸಿಗಲಿಲ್ಲ, ಯಾರು ನಾಲ್ಕು ದಿನದಿಂದ ಕಾಲೇಜಿಗೆ ಹೋಗಿಲ್ಲ, ಎಲ್ಲ. ಎರಡೂವರೆ ಲಕ್ಷದ ಒಳಗಿನ ಆದಾಯದ ಸರ್ಟಿಫಿಕೇಟು ಮಾಡಿಸಲಿಕ್ಕೆ ಜತೆಗೆ ಬರುವವರು ಇಬ್ಬರು ಇದ್ದಾರೆ. ಅಪ್ಪ ಅಮ್ಮನಿಗೆ ಕೆಲಸ ಬಿಟ್ಟು ತಾಲೂಕು ಆಫೀಸಿಗೆ ಅಲೆಯಲಿಕ್ಕೆ ಆಗುವುದಿಲ್ಲ ಅಂತ ಗೊತ್ತು. ಕಾರು ಇರುವ ನಮ್ಮ ಅಣ್ಣಂದಿರಿಗೂ ಪತ್ರ ಬರೆದಿದ್ದೇವೆ, ಹಣ ಬೇಡ, ತಿಂಗಳಿಗೆ ಒಂದು ಭಾನುವಾರ ಕೇರಿಯ ತಿರುವಿನಲ್ಲಿ ಗಾಡಿ ನಿಲ್ಲಿಸಿ ಅಂತ. ಏಳು ಜನಕ್ಕೆ ಬರೆದೆವು, ಇಬ್ಬರು ಇವತ್ತು ಬಂದಿದ್ದಾರೆ. ಹಿಂದಿನ ಬೆಂಚಿನಲ್ಲಿ ಕೂತಿದ್ದಾರೆ, ತಿರುಗಿ ನೋಡಬೇಡಿ, ಅವರಿಗೆ ಮುಜುಗರ ಆಗ್ತದೆ.

2028ರ ಜನವರಿಗೆ ರಂಗರಾಯರು ತೀರಿ ನೂರು ವರ್ಷ. ಮಂಗಳೂರಿನಲ್ಲಿ ದೊಡ್ಡ ಸಭೆ ಆಗಬ್ಹುದು, ಮಂತ್ರಿಗಳು ಬರಬಹುದು. ನಮಗೆ ಕರೆ ಬಂದರೆ ಹೋಗ್ತೇವೆ, ಬಾರದಿದ್ದರೂ ಹೋಗ್ತೇವೆ. ಹೋಗುವಾಗ ಈ ನೋಟ್ ಪುಸ್ತಕ ಜತೆಗಿರಬೇಕು.

ಈಗ ಅಡುಗೆಯ ಅಕ್ಕನಿಗೆ ಶಾಲು ಹೊದೆಸುವವರು ಯಾರು? ಅವರು ಅನ್ನ ಮುಚ್ಚಿಟ್ಟ ಹುಡುಗರಲ್ಲಿ ಒಬ್ಬ ಇಲ್ಲೇ ಇದ್ದಾನೆ. ಬಾ ಅಣ್ಣಾ, ಮುಂದೆ ಬಾ. ಪುಸ್ತಕ ಬಾಗಿಲ ಹತ್ತಿರದ ಮೇಜಿನ ಮೇಲೆ ಉಂಟು, ಪೆನ್ನು ಕಟ್ಟಿ ಇಟ್ಟಿದ್ದೇವೆ, ಹೋಗುವಾಗ ಬರೆದು ಹೋಗಿ. ಬರೆಯಲಿಕ್ಕೆ ಬಾರದವರು ಹೇಳಿ, ನಾವು ಬರೀತೇವೆ.

ಜೈ ಭೀಮ್.